ಬಚ್ಚಿಟ್ಟ ಉತ್ತರಪತ್ರಿಕೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕುಟುಂಬದ ಹಾಗೂ ಶಾಲೆಯ ವಿವರಗಳನ್ನು ಬದಲಿಸಲಾಗಿದೆ.)

ಮುಂಬಯಿಯ ಪೂರ್ವ ಉಪನಗರದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ. ಹುಡುಗಿ ಒಂಬತ್ತನೇ ತರಗತಿ. ಕುಟುಂಬ ಕಲಬುರಗಿ ಕಡೆಯದು. ತಂದೆ ಗೌಂಡಿ ಕೆಲಸದವರು, ತಾಯಿ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾರೆ. ಗಣಿತದ ಘಟಕ ಪರೀಕ್ಷೆಯ ಉತ್ತರಪತ್ರಿಕೆಗೆ ಅಪ್ಪನ ಸಹಿಯನ್ನು ತಾನೇ ಹಾಕಿ ಒಪ್ಪಿಸಿದ್ದು ವರ್ಗಶಿಕ್ಷಕಿಯ ಕಣ್ಣಿಗೆ ಬಿತ್ತು. ಆಪ್ತಸಲಹೆಗೆ ಕಳಿಸಿದ ಚೀಟಿಯಲ್ಲಿ ಬರೆದದ್ದು ಇಷ್ಟೇ: ‘ಪರೀಕ್ಷಾ ಭಯ, ಸುಳ್ಳು ಹೇಳುವ ಅಭ್ಯಾಸ.’

ಮೊದಲ ಭೇಟಿಯಲ್ಲಿ ಕೇಳಲೇಬೇಕಾದದ್ದನ್ನು ಕೇಳಲಾಯಿತು: ನಿದ್ದೆ, ಊಟ, ಹಿಂದಿನ ಬೆಂಚಿನಿಂದ ಬೋರ್ಡು ಕಾಣುತ್ತದೆಯೇ, ಮನೆಯಲ್ಲಿ ಹೊಡೆತವಿದೆಯೇ, ಸಾಯಬೇಕೆನ್ನುವ ಯೋಚನೆ ಬಂದಿದೆಯೇ. ಈ ಕೊನೆಯ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು, ನೇರವಾಗಿಯೇ ಕೇಳಬೇಕು. ತುರ್ತಾದದ್ದು ಏನೂ ಕಾಣಲಿಲ್ಲ. ತಾಯಿ ಹೇಳಿದ್ದು: “ರಾತ್ರಿ ಹನ್ನೊಂದರ ತನಾ ಓದ್ತಾಳ್ರೀ. ಪೇಪರ್ ಮಾತ್ರ ತೋರಸಂಗಿಲ್ಲ.” ಹುಡುಗಿಯ ಮಾತು ಇನ್ನೂ ಉಪಯುಕ್ತವಾಗಿತ್ತು: “ತಪ್ಪಾಗೇದ ಅಂತ ಗೊತ್ತಾಗ್ತದ ಮೇಡಂ. ಯಾಕ ತಪ್ಪು ಅಂತ ಗೊತ್ತಾಗಂಗಿಲ್ಲ.”

ಹೀಗೆ ಹೇಳುವ ಮಗುವಿಗೆ ಉಸಿರಾಟದ ವ್ಯಾಯಾಮ ಕಲಿಸಿ ಕಳಿಸಿದರೆ ಅರ್ಧ ಕೆಲಸವೂ ಆಗುವುದಿಲ್ಲ. ಮೊದಲು ಉತ್ತರಪತ್ರಿಕೆಯನ್ನು ತರಿಸಿಕೊಳ್ಳಬೇಕು.

20 ಅಂಕದ ಬೀಜಗಣಿತ ಪರೀಕ್ಷೆ, ಬಂದದ್ದು 7. ಮೂರು ಕಡೆ ಕೆಂಪು ಶಾಯಿಯ ಅಡ್ಡಗೀಟು, ಮೇಲೆ ಸುತ್ತು ಹಾಕಿದ 7, ಕೆಳಗೆ ‘ಹೆಚ್ಚು ಗಮನ ಕೊಡು’. ಹೋದ 13 ಅಂಕಗಳನ್ನು ಹುಡುಗಿಯ ಜೊತೆಗೇ ಕೂತು ವಿಂಗಡಿಸಲಾಯಿತು. ಎರಡು ಅಂಕ ಬಿಟ್ಟ ಪ್ರಶ್ನೆಯದು, ಮೂರು ಅಂಕ ಮಾತಿನ ಲೆಕ್ಕವನ್ನು ಸಮೀಕರಣವಾಗಿ ಬರೆಯಲಾಗದ್ದು. ಉಳಿದ ಎಂಟೂ ಒಂದೇ ತಪ್ಪಿನಿಂದ ಹೋದವು. ಬಹುಪದೋಕ್ತಿಗಳನ್ನು (x, y ಯಂಥ ಅಕ್ಷರಗಳಿರುವ, ಹಲವು ಪದಗಳ ಬೀಜೋಕ್ತಿಗಳನ್ನು) ಕಳೆಯುವಾಗ, ಆವರಣದ ಹಿಂದೆ ಕಳೆಯುವ ಚಿಹ್ನೆ ಇದ್ದರೆ ಒಳಗಿನ ಮೊದಲ ಪದದ ಚಿಹ್ನೆಯನ್ನು ಮಾತ್ರ ಬದಲಿಸಿ ಮಿಕ್ಕವನ್ನು ಹಾಗೇ ಇಳಿಸಿದ್ದಳು. ಮೂರು ಲೆಕ್ಕ, ಮೂರರಲ್ಲೂ ಅದೇ. ಗಮನ ತಪ್ಪಿದವರ ತಪ್ಪು ಹೀಗೆ ಸಾಲುಗಟ್ಟಿ ಬರುವುದಿಲ್ಲ. ಇದು ತಪ್ಪಾಗಿ ಕಲಿತ ನಿಯಮ. ಅದನ್ನು ಅವಳು ಬಹಳ ಗಮನ ಕೊಟ್ಟೇ ಪಾಲಿಸುತ್ತಿದ್ದಳು!

ಅಕ್ಷರಗಳನ್ನು ಬದಿಗಿಟ್ಟು 10 − (3 − 5) ಕೊಡಲಾಯಿತು. ಆವರಣದ ಒಳಗನ್ನು ಮೊದಲು ಮಾಡಲು ಹೇಳಿದಾಗ 12 ಎಂದಳು, ಸರಿ. ಅದನ್ನೇ ಆವರಣ ಬಿಡಿಸಿ ಮಾಡು ಎಂದಾಗ 10 − 3 − 5 ಎಂದು ಬರೆದು 2 ತಂದಳು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಸುಮಾರು ಹೊತ್ತು ನೋಡಿ, “ಎರಡೂ ಒಂದೇ ಲೆಕ್ಕ ಅಲ್ರೀ?” ಎಂದು ತಾನೇ ಕೇಳಿದಳು. ತಿದ್ದುವ ಕೆಲಸ ಶುರುವಾಗುವುದು ಈ ಪ್ರಶ್ನೆಯಿಂದ. ನಿಯಮವನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳುವುದರಿಂದ ಅಲ್ಲ.

ಗಣಿತ ಶಿಕ್ಷಕರನ್ನು ಕಂಡಾಗ ಅವರು ಹೇಳಿದ್ದು ಸುಳ್ಳಲ್ಲ: ಪೇಪರ್ ತಿದ್ದಬೇಕು, ಅಂಕ ರಿಜಿಸ್ಟರಿಗೆ ಹೋಗಬೇಕು, ಪಾಠ ಮುಗಿಸಬೇಕು, ಒಬ್ಬೊಬ್ಬರಿಗೂ ಉದ್ದುದ್ದ ಬರೆಯಲು ಸಮಯವೆಲ್ಲಿ? ಮಹಾರಾಷ್ಟ್ರದಲ್ಲಿ ಎಂಟನೇ ತರಗತಿಯವರೆಗೆ ಆಕಾರಿಕ ಮೌಲ್ಯಮಾಪನದ, ಅಂದರೆ ಕಲಿಕೆ ನಡೆಯುತ್ತಿರುವಾಗಲೇ ಅದನ್ನು ಅಳೆದು ತಿದ್ದುವ, ಪದ್ಧತಿ ಇದೆ. ಒಂಬತ್ತಕ್ಕೆ ಬಂದೊಡನೆ ಎಲ್ಲರ ಕಣ್ಣು ಹತ್ತನೆಯ ಬೋರ್ಡ್ ಪರೀಕ್ಷೆಯ ಮೇಲೆ: ಗಣಿತ ಭಾಗ ಒಂದಕ್ಕೆ 40, ಭಾಗ ಎರಡಕ್ಕೆ 40, ಆಂತರಿಕ 20. ಆ 20ನ್ನು ಮಕ್ಕಳು ಪಾಸಾಗಲಿ ಎಂದು ಕೈತುಂಬ ಕೊಟ್ಟುಬಿಡುವ ಕಡೆ, ಕಲಿಕೆಯಲ್ಲಿ ಎಲ್ಲಿ ತೂತಿದೆ ಎಂದು ತೋರಿಸಬೇಕಾದ ಅಂಕಗಳೇ ಆ ತೂತನ್ನು ಮುಚ್ಚುತ್ತವೆ.

ಅಂಕ ಮತ್ತು ಟಿಪ್ಪಣಿ ಎರಡನ್ನೂ ಒಟ್ಟಿಗೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪರೀಕ್ಷಿಸಿ ಪ್ರಕಟಿಸಿದ್ದರು. ಬರೀ ಟಿಪ್ಪಣಿ ಪಡೆದ ಮಕ್ಕಳು ಸುಧಾರಿಸಿದರು. ಅಂಕವನ್ನೂ ಟಿಪ್ಪಣಿಯನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕ ಕಂಡ ಮಗು ಪಕ್ಕದವರ ಅಂಕ ನೋಡುತ್ತದೆ, ಟಿಪ್ಪಣಿ ಓದುವುದಿಲ್ಲ. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು ಹಿಮ್ಮಾಹಿತಿಯ (ಮಾಡಿದ ಕೆಲಸದ ಬಗ್ಗೆ ಮಾಡಿದವರಿಗೆ ಹೇಳುವ ಮಾತಿನ, ಫೀಡ್‌ಬ್ಯಾಕ್‌ನ) ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದಾಗ ಮೂರರಲ್ಲಿ ಒಂದಕ್ಕೂ ಹೆಚ್ಚು ಕಡೆ ಹಿಮ್ಮಾಹಿತಿಯಿಂದಲೇ ಸಾಧನೆ ಕುಗ್ಗಿದ್ದು ಕಂಡಿತು. ಮಾತು ಕೆಲಸವನ್ನು ಬಿಟ್ಟು ಮಗುವಿನ ಮೇಲೆ ತಿರುಗಿದಷ್ಟೂ ಪರಿಣಾಮ ಕಡಿಮೆ. ‘ನೀನು ಜಾಣೆ’ಗೂ ಇದು ಅನ್ವಯಿಸುತ್ತದೆ, ‘ನಿನಗೆ ಗಮನವೇ ಇಲ್ಲ’ಕ್ಕೂ.

ಶಿಕ್ಷಕರಿಗೆ ಕೊಟ್ಟ ಸಲಹೆ ಅವರ ಕೆಲಸವನ್ನು ಹೆಚ್ಚಿಸುವಂತಿರಲಿಲ್ಲ. ತಿದ್ದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಮತ್ತೆ ಮತ್ತೆ ಬರುವ ನಾಲ್ಕೈದು ತಪ್ಪುಗಳಿಗೆ ಒಂದೊಂದು ಸಂಖ್ಯೆ ಕೊಡುವುದು. ಪೇಪರಿನ ಅಂಚಿನಲ್ಲಿ ಆ ಸಂಖ್ಯೆ ಮಾತ್ರ ಬರೆಯುವುದು. ಅಂಕ ರಿಜಿಸ್ಟರಿಗೆ ಹೋಗಲಿ, ಪೇಪರಿನ ಮೇಲೆ ಬೇಡ. ಮರಳಿಸುವ ದಿನ ಪೀರಿಯಡ್‌ನ ಮೊದಲ 15 ನಿಮಿಷ ತಿದ್ದುಪಡಿಗೇ ಮೀಸಲು: ಬೋರ್ಡಿನ ಮೇಲೆ ಪ್ರತಿ ಸಂಖ್ಯೆಯ ಎದುರು ಒಂದು ಸುಳಿವು ಮತ್ತು ಅದೇ ಬಗೆಯ ಒಂದು ಹೊಸ ಲೆಕ್ಕ. ಮಗು ತನ್ನ ಸಂಖ್ಯೆಯ ಲೆಕ್ಕವನ್ನು ಪೇಪರಿನ ಹಿಂಬದಿಯಲ್ಲಿ ಮಾಡಬೇಕು. ಅಂಕ ತಿಳಿಸುವುದು ಮಾರನೇ ದಿನ. ಈ 15 ನಿಮಿಷವನ್ನು ‘ಮನೆಯಲ್ಲಿ ತಿದ್ದಿಕೊಂಡು ಬನ್ನಿ’ ಎಂದು ಹೊರಗೆ ಹಾಕಿದರೆ ಉಳಿದದ್ದೆಲ್ಲ ವ್ಯರ್ಥ. ಬೋರ್ಡಿನ ಸರಿಯುತ್ತರವನ್ನು ನಕಲು ಮಾಡಿಕೊಳ್ಳಲು ಬಿಟ್ಟರೂ ಅಷ್ಟೇ. ತಪ್ಪು ಮಾಡದವರು ಸುಮ್ಮನೆ ಕೂರಬಾರದು. ಅವರಿಗೆ ಒಂದು ಕಠಿಣ ಲೆಕ್ಕ ಇರಲಿ.

ಪಾಠದ ನಡುವೆ ಕೇಳಲು ಒಂದು ಪ್ರಶ್ನೆಯನ್ನೂ ತಯಾರಿಸಿ ಕೊಡಲಾಯಿತು. 10 − (3 − 5) ಎಷ್ಟು? ಆಯ್ಕೆಗಳು 12, 2, 8, 18. ಎರಡು ಎಂದವರು ಐದರ ಚಿಹ್ನೆ ಬದಲಿಸಿಲ್ಲ. ಎಂಟು ಎಂದವರು ಐದರಲ್ಲಿ ಮೂರು ಕಳೆದಿದ್ದಾರೆ. ಹದಿನೆಂಟು ಎಂದವರು ಎಲ್ಲವನ್ನೂ ಕೂಡಿಸಿದ್ದಾರೆ. ಎಲ್ಲರೂ ಒಟ್ಟಿಗೆ ಬೆರಳೆತ್ತಿ ಆಯ್ಕೆಯ ಕ್ರಮಸಂಖ್ಯೆ ತೋರಿಸಬೇಕು. ‘ಅರ್ಥವಾಯ್ತಾ?’ ಎಂದು ಕೇಳಿದರೆ ಇಡೀ ತರಗತಿ ‘ಹೂಂ ಸರ್’ ಅನ್ನುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಹುಡುಗಿಗೆ ಹೇಳಿದ್ದು ಚಿಕ್ಕದು. ಒಂದು ನೂರು ಪುಟದ ನೋಟ್‌ಬುಕ್, ಪುಟಕ್ಕೆ ಒಂದೇ ತಪ್ಪು: ಎಡಗಡೆ ತಾನು ಬರೆದದ್ದು, ಬಲಗಡೆ ಸರಿಯಾದದ್ದು, ಕೆಳಗೆ ಸ್ವಂತ ಮಾತಿನಲ್ಲಿ ಕಾರಣ. ಮೂರು ದಿನ ಬಿಟ್ಟು ಬಲಗಡೆ ಮುಚ್ಚಿ ಮತ್ತೆ ಮಾಡುವುದು. ರಾತ್ರಿ ಹನ್ನೊಂದರವರೆಗೆ ಬಿಡಿಸಿದ ಲೆಕ್ಕವನ್ನೇ ಮತ್ತೆ ಓದುವುದು ನಿಲ್ಲಬೇಕು. ಕಣ್ಣಾಡಿಸಿದರೆ ಬಂದಂತೆ ಅನಿಸುತ್ತದೆ, ಕೈ ಆಡಿಸಿದರೆ ಮಾತ್ರ ಬಂದದ್ದು ಗೊತ್ತಾಗುತ್ತದೆ. ಸಹಿಯ ವಿಷಯವನ್ನು ಹಾಗೇ ಬಿಡಲಿಲ್ಲ. ಅಪ್ಪನಿಗೆ ತಾನೇ ಹೇಳಬೇಕು, ಬೇಕಿದ್ದರೆ ಸಲಹೆಗಾರರ ಎದುರಿಗೆ ಎಂದಾಗ ಅವಳು ಸಲಹೆಗಾರರ ಎದುರಿಗೆ ಹೇಳುವುದನ್ನೇ ಆರಿಸಿಕೊಂಡಳು.

ತಾಯಿ ಓದು ಬಲ್ಲವರಲ್ಲ. ಲೆಕ್ಕ ಹೇಳಿಕೊಡಬೇಕಾಗಿಲ್ಲ; “ಎಷ್ಟ್ ಬಂತು?” ಬದಲು “ಯಾವ ತಪ್ಪು ತಿದ್ದಿದಿ, ತೋರ್ಸು” ಎಂದು ಕೇಳಿ, ನೋಟ್‌ಬುಕ್ಕಿನ ಪುಟ ನೋಡಿದರೆ ಸಾಕು ಎಂದು ತಿಳಿಸಲಾಯಿತು.

ಕಲಿಕಾ ನ್ಯೂನತೆಯ ತಪಾಸಣೆಗೆ ಕಳಿಸಬೇಕೇ ಎಂದು ಶಾಲೆ ಕೇಳಿತ್ತು. ಮುಂಬಯಿಯಲ್ಲಿ ಸಾಯನ್ ಆಸ್ಪತ್ರೆಯಂಥ ಕಡೆ ಅದರ ವ್ಯವಸ್ಥೆ ಇದೆ. ಪ್ರಮಾಣಪತ್ರ ಸಿಕ್ಕರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಯೂ ಉಂಟು. ಆದರೆ ಈ ಹುಡುಗಿಯ ಕೂಡಿಸು-ಗುಣಿಸು ಸರಿಯಿತ್ತು, ಅಂಕೆಗಳು ಹಿಂದುಮುಂದಾಗುತ್ತಿರಲಿಲ್ಲ, ಹೇಳಿಕೊಟ್ಟದ್ದು ಮುಂದಿನ ವಾರಕ್ಕೂ ಉಳಿಯುತ್ತಿತ್ತು. ಎರಡು ತಿಂಗಳು ಹೀಗೆ ತಿದ್ದಿದ ಮೇಲೂ ಅದೇ ತಪ್ಪು ಅದೇ ಬಗೆಯಲ್ಲಿ ಉಳಿದರೆ ಕಳಿಸುವುದು ಎಂದು ನಿರ್ಧಾರವಾಯಿತು. ಆ ಅಗತ್ಯ ಬೀಳಲಿಲ್ಲ.

ಮುಂದಿನ ಬೀಜಗಣಿತ ಪರೀಕ್ಷೆಯಲ್ಲಿ 20ಕ್ಕೆ 12. ಚಿಹ್ನೆಯ ತಪ್ಪು ಒಂದೇ ಕಡೆ, ಅದನ್ನೂ ಅವಳೇ ಹಿಂಬದಿಯಲ್ಲಿ ತಿದ್ದಿದ್ದಳು. ಮಾತಿನ ಲೆಕ್ಕ ಮಾತ್ರ ಇದ್ದಲ್ಲೇ ಇದೆ. ರೇಖಾಗಣಿತದಲ್ಲಿ ತಪ್ಪಿಗೆ ಸಂಖ್ಯೆ ಕೊಡುವ ಉಪಾಯ ಅಷ್ಟಾಗಿ ಫಲಿಸಲಿಲ್ಲ. ಪ್ರಮೇಯವನ್ನು ಸಾಧಿಸುವ ಹಂತಗಳನ್ನು ಬರೆದರೂ ಕಾರಣದ ಜಾಗವನ್ನು ಖಾಲಿ ಬಿಡುತ್ತಾಳೆ, ‘ಕಾರಣ ಬರೆ’ ಎಂಬ ಟಿಪ್ಪಣಿಯಿಂದ ಕಾರಣ ಹೊಳೆಯುವುದಿಲ್ಲ. ಅದಕ್ಕೆ ಈಗ ಪೂರ್ತಿ ಬಿಡಿಸಿದ ಒಂದು ಪ್ರಮೇಯದ ಕಾರಣಗಳನ್ನು ಚೀಟಿಗಳಲ್ಲಿ ಬರೆದು ಕಲಸಿ ಕೊಟ್ಟು, ಪ್ರತಿ ಹಂತಕ್ಕೆ ಹೊಂದಿಸಲು ಹೇಳಲಾಗುತ್ತಿದೆ. ಆಮೇಲೆ ಎರಡು ಚೀಟಿ ಕಡಿಮೆ, ಆಮೇಲೆ ಚೀಟಿಯೇ ಇಲ್ಲ. ಎರಡನೇ ಸತ್ರದ (ಶಾಲಾ ವರ್ಷದ ಎರಡನೇ ಅರ್ಧದ) ಮೊದಲ ಘಟಕ ಪರೀಕ್ಷೆಯ ಪೇಪರನ್ನು ಹುಡುಗಿಯೇ ತರುವುದಾಗಿ ಒಪ್ಪಿದ್ದಾಳೆ.