ಹಿಪ್ ಕೀಲು ಬದಲಾಯಿಸಬೇಕು ಅಂದಿದ್ದಾರೆ. ಎಷ್ಟು ದಿನ ಮುಂದೂಡಬಹುದು? ಆಮೇಲೆ ನೆಲದ ಮೇಲೆ ಕೂರೋಕೆ ಆಗುತ್ತಾ?

ಹಿರಿಯೂರು ಕಡೆಯವರು, ವಯಸ್ಸು 46, ಬಲಗಡೆ ಹಿಪ್ ಸವೆದಿದೆ ಅಂತ ಡಾಕ್ಟರು ಆಪರೇಷನ್ ಹೇಳಿದ್ದಾರೆ, ಅತ್ತೆ ಮನೆ ಕಡೆಯವರು "ಮಾಡಿಸಿದ್ರೆ ಮೂಲೆ ಹಿಡೀತೀಯ" ಅಂತ ಹೆದರಿಸ್ತಿದ್ದಾರೆ ಅಂತ ಬರೆದಿದ್ದೀರಿ. ನಾನು ದಾವಣಗೆರೆಯವಳು, ಮನೆಯಲ್ಲೇ ಬ್ಲೌಸ್ ಹೊಲಿಯೋ ಕೆಲಸ. ಮೂರು ವರ್ಷದ ಹಿಂದೆ, 50 ತುಂಬಿದ ವರ್ಷ, ನನಗೂ ಬಲಗಡೆಯದ್ದೇ ಬದಲಾಯಿಸಿದ್ರು. ನಾನು ಡಾಕ್ಟರಲ್ಲ, ದರ್ಜಿ. ಅದು ನೆನಪಿರಲಿ.

ಎರಡನೇ ಪ್ರಶ್ನೆಗೆ ಮೊದಲು ಹೇಳ್ತೀನಿ. ಇಲ್ಲ, ನಾನು ನೆಲದ ಮೇಲೆ ಕೂರಲ್ಲ. ಕೊಯ್ದಿದ್ದು, ಹೊಲಿಗೆ, ವಾಕರ್ ಇವೆಲ್ಲ ಮೂರು ತಿಂಗಳ ಮಾತು, ಈಗ ನೆನಪಿಸಿಕೊಂಡರೂ ಪೂರ್ತಿ ನೆನಪಾಗಲ್ಲ. ನೆಲ ಬಿಟ್ಟಿದ್ದು ಮಾತ್ರ ದಿನಾ ನೆನಪಾಗುತ್ತೆ. ಅದರ ವಿಷಯ ಯಾರೂ ಮುಂಚೆ ಸರಿಯಾಗಿ ಹೇಳಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ನನ್ನ ಎರಡು ವರ್ಷ ಹಾಳು ಮಾಡಿದ್ದು ಒಂದು ಪದ. ನಮ್ಮಲ್ಲಿ ಸೊಂಟ ಅಂದ್ರೂ ಟೊಂಕ ಅಂದ್ರೂ ಬೆನ್ನಿನ ಕೆಳಗೆ, ಸೀರೆ ಸಿಕ್ಕಿಸೋ ಜಾಗ. ಹಿಪ್ ಕೀಲು ಇರೋದು ಅಲ್ಲಲ್ಲ, ತೊಡೆಸಂದಿನ ಆಳದಲ್ಲಿ. ಹೋದ ಕಡೆಯೆಲ್ಲ "ಸೊಂಟ ನೋವು ಸಾರ್" ಅಂದೆ, ಅವರು ಬೆನ್ನು ನೋಡಿದ್ರು. ಬೆನ್ನಿಗೆ ಎಂಆರ್‌ಐ ಆಯ್ತು, ಬೆಲ್ಟ್ ಆಯ್ತು. ನೋವು ಮಂಡಿಗೆ ಇಳಿದಾಗ ಮಂಡಿಗೆ ಎಣ್ಣೆ ತಿಕ್ಕಿದ್ದೂ ಆಯ್ತು. ಹಿಪ್ಪಿಗೂ ಮಂಡಿಗೂ ಒಂದೇ ನರದ ಕವಲು ಹೋಗೋದ್ರಿಂದ ಅಲ್ಲಿಯ ನೋವು ಇಲ್ಲಿ ಕಾಣಿಸೋದು ಮಾಮೂಲಿಯಂತೆ. ಇನ್ನು ತೊಡೆಸಂದು ಅನ್ನೋ ಮಾತನ್ನ ಗಂಡಸು ಡಾಕ್ಟರ ಮುಂದೆ ಹೇಳೋಕೆ ನಾಚಿಕೆ ಬೇರೆ. ಕೊನೆಗೆ ಒಬ್ಬಳು ಫಿಸಿಯೋಥೆರಪಿ ಹುಡುಗಿ ನನ್ನ ಅಂಗಾತ ಮಲಗಿಸಿ, ಮಂಡಿ ಮಡಿಸಿ ಎತ್ತಿ, ಪಾದವನ್ನ ಮೆಲ್ಲಗೆ ಹೊರಕ್ಕೆ ತಿರುಗಿಸಿದಳು. ಕೂಗಿಬಿಟ್ಟೆ. "ಆಂಟಿ, ಇದು ಬೆನ್ನಲ್ಲ" ಅಂದಳು. ಆಮೇಲೆ ಒಂದೇ ಒಂದು ಎಕ್ಸ್‌ರೇ, ಅಷ್ಟೇ.

ಡಾಕ್ಟರು ಆ ಎಕ್ಸ್‌ರೇ ಹಿಡಿದು "ಮನೇಲಿ ಒರಳುಕಲ್ಲು ಐತೇನಮ್ಮ?" ಅಂದ್ರು. ತೊಡೆಮೂಳೆಯ ತಲೆ ಗುಂಡುಕಲ್ಲು, ಮೇಲಿನ ಮೂಳೆಯಲ್ಲಿರೋ ಬಟ್ಟಲು ಒರಳು. ನನ್ನ ಒರಳಿನ ಗುಳಿ ಹುಟ್ಟಿನಿಂದಲೇ ಆಳ ಇಲ್ಲ. ಗುಂಡು ಅರ್ಧ ಒಳಗೆ, ಅರ್ಧ ಹೊರಗೆ. ಮೈಭಾರವೆಲ್ಲ ಅಂಚಿನ ಮೇಲೆ ಬಿದ್ದು, ನಡುವಿನ ಮೆತ್ತನೆ ಪದರ ಸವೆದು, ಈಗ ಮೂಳೆಗೆ ಮೂಳೆ ತಾಗ್ತಿದೆ. "ನೀನು ಚಿಕ್ಕೋಳಿದ್ದಾಗಿಂದ ಒಂಚೂರು ವಾಲೇ ನಡೀತಿದ್ದೆ ಬಿಡು" ಅಂತ ಅವ್ವ ಆಮೇಲೆ ಹೇಳಿದಳು. ಐವತ್ತು ವರ್ಷ ಬೇಕಾಯ್ತು ನೋಡಿ ಈ ಮಾತಿಗೆ.

ನಿಮ್ಮದು ಯಾಕೆ ಸವೆದಿದೆ ಅಂತ ಬರೆದಿಲ್ಲ. ಮುಂದೂಡಬಹುದಾ ಅನ್ನೋದು ನಿಂತಿರೋದೇ ಅದರ ಮೇಲೆ, ಮೊದಲು ಅದನ್ನ ಕೇಳಿ. ರಿಪೋರ್ಟಿನಲ್ಲಿ ಎವಿಎನ್ ಅಂತ ಇದ್ದರೆ ಗುಂಡಿಗೆ ರಕ್ತ ಹೋಗೋದು ನಿಂತು ಮೂಳೆ ಒಳಗೇ ಸಾಯ್ತಿದೆ ಅಂತ ಅರ್ಥ. ಬಹಳ ದಿನ ಸ್ಟೀರಾಯ್ಡ್ ತಗೊಂಡವರಿಗೆ, ಕುಡಿತ ಇರೋರಿಗೆ, ತೊಡೆಮೂಳೆ ಕುತ್ತಿಗೆ ಮುರಿದವರಿಗೆ ಬರುತ್ತೆ. ಕೋವಿಡ್‌ನಲ್ಲಿ ಸ್ಟೀರಾಯ್ಡ್ ತಗೊಂಡ ಕೆಲವರಿಗೂ ಬಂತು. "ಬೇರಿನ ಪುಡಿ" ಅಂತ ಸಂತೆಯಲ್ಲಿ ಮಾರೋ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರೋದುಂಟು. ನೀವು ತಗೊಂಡಿದ್ದರೆ ಮುಚ್ಚಿಡದೆ ಹೇಳಿಬಿಡಿ. ಎವಿಎನ್ ಆಗಿದ್ದು ಗುಂಡು ಇನ್ನೂ ಕುಸಿದಿಲ್ಲ ಅಂದ್ರೆ, ಮೂಳೆಗೆ ತೂತು ಕೊರೆದು ಒಳಗಿನ ಒತ್ತಡ ಇಳಿಸೋ ಚಿಕ್ಕ ಆಪರೇಷನ್ನಿನಲ್ಲೇ ಉಳಿಸೋ ಅವಕಾಶ ಇರುತ್ತೆ. ಅಂಥವರು "ಯುಗಾದಿ ಕಳೀಲಿ, ದೀಪಾವಳಿ ಕಳೀಲಿ" ಅಂತ ಕೂತರೆ ಆ ಅವಕಾಶ ಹೋಯ್ತು. ಇನ್ನೊಂದು, ನಿಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಜಾಸ್ತಿ ಇರೋ ಊರುಗಳಿವೆ. ಅದರಿಂದಲೂ ಕೀಲು ಬಿಗಿಯುತ್ತೆ. ಯಾವ ನೀರು ಕುಡೀತೀರಿ ಅನ್ನೋದನ್ನೂ ಡಾಕ್ಟರಿಗೆ ಹೇಳಿ.

ನನ್ನ ಥರ ಬರೀ ಸವೆತ ಆಗಿದ್ದರೆ ಅವಸರ ಏನಿಲ್ಲ. ಆದರೆ ಎಷ್ಟು ದಿನ ಅಂತ ತೀರ್ಮಾನ ಮಾಡೋರು ನೀವೇ. ನನಗೆ ಡಾಕ್ಟರು ಮೂರು ಪ್ರಶ್ನೆ ಹಾಕಿದ್ರು: ರಾತ್ರಿ ನಿದ್ದೆ ಬರುತ್ತಾ, ವಾರಕ್ಕೆ ಎಷ್ಟು ನೋವಿನ ಮಾತ್ರೆ, ಯಾವ ಯಾವ ಕೆಲಸ ಬಿಟ್ಟಿದ್ದೀಯ? ಉತ್ತರ ಬರಲಿಲ್ಲ. ಮನೆಗೆ ಬಂದು ಅಡುಗೆಮನೆ ಕ್ಯಾಲೆಂಡರಿನಲ್ಲಿ, ಮಾತ್ರೆ ನುಂಗಿದ ರಾತ್ರಿಗಳಿಗೆಲ್ಲ ಮಾರ್ಕಿಂಗ್ ಚಾಕಿನಿಂದ ಒಂದೊಂದು ಚುಕ್ಕೆ ಇಟ್ಟೆ. ತಿಂಗಳ ಕೊನೆಗೆ ಎಣಿಸಿದ್ರೆ 26. ನೋವಿನ ಮಾತ್ರೆ ಹೊಟ್ಟೆಯನ್ನೂ ಕಿಡ್ನಿಯನ್ನೂ ತಿನ್ನುತ್ತೆ ಅಂತ ಎಲ್ಲರಿಗೂ ಗೊತ್ತು, ಆದ್ರೂ ಎಣಿಸಿರಲ್ಲ. ಬಿಟ್ಟ ಕೆಲಸಗಳ ಪಟ್ಟಿ ಇನ್ನೂ ಉದ್ದ ಇತ್ತು. ಲೈನಿಂಗ್ ಬಟ್ಟೆಗೆ ಚೌಕಿಪೇಟೆಗೆ ಹೋಗೋದು ಬಿಟ್ಟು ಮಗನ್ನ ಕಳಿಸ್ತಿದ್ದೆ. ಮಷಿನ್ನನ್ನ ಎಡಗಾಲಲ್ಲೇ ತುಳೀತಿದ್ದೆ. ಕಾಲಿನ ಉಗುರು ಕತ್ತರಿಸೋಕೆ ಬಗ್ಗೋಕಾಗದೆ ಮಗಳ ಮುಂದೆ ಕಾಲು ಚಾಚ್ತಿದ್ದೆ. ಆ ಉಗುರಿನ ದಿನವೇ ನಾನು ಒಪ್ಪಿಕೊಂಡಿದ್ದು ಅಂತ ಕಾಣುತ್ತೆ.

ತೀರಾ ಮುಂದೂಡಿದ್ರೂ ನಷ್ಟ ಇದೆ. ತೊಡೆಯ ಸ್ನಾಯು ಸೊರಗುತ್ತೆ, ಕಾಲು ಗಿಡ್ಡ ಆಗುತ್ತೆ, ವಾಲಿ ವಾಲಿ ಬೆನ್ನೂ ಇನ್ನೊಂದು ಮಂಡಿಯೂ ಕೆಡುತ್ತೆ. ಅಲ್ಲಿವರೆಗೆ ಕೋಲು ಹಿಡೀರಿ, ನಾಚಿಕೆ ಬೇಡ. ಆದ್ರೆ ನೋವಿರೋ ಕಡೆಯ ಕೈಯಲ್ಲಿ ಹಿಡೀಬೇಡಿ. ಬಲಗಾಲು ನೋವಾದ್ರೆ ಕೋಲು ಎಡಗೈಯಲ್ಲಿ. ನಡೆಯುವಾಗ ಆ ಕೀಲಿನ ಮೇಲೆ ಮೈತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳುತ್ತೆ. ಎದುರು ಕೈಯ ಕೋಲು ಅದನ್ನ ಇಳಿಸುತ್ತೆ. ನಾನು ಒಂದು ವರ್ಷ ತಪ್ಪು ಕೈಯಲ್ಲಿ ಹಿಡಿದೆ, ಒಬ್ಬರೂ ಹೇಳಲಿಲ್ಲ.

ಎಷ್ಟು ವರ್ಷ ಬಾಳಿಕೆ ಅಂತ ನಿಮ್ಮ ವಯಸ್ಸಿಗೆ ಕೇಳಲೇಬೇಕು. ಈಗಿನ ಮಾದರಿಯ ಹಿಪ್ ಬದಲಾವಣೆ ಶುರುವಾಗಿದ್ದು 1962ರಲ್ಲಿ, ಇಂಗ್ಲೆಂಡಿನ ಜಾನ್ ಚಾರ್ನ್ಲಿ ಅನ್ನೋ ಸರ್ಜನ್ನಿಂದ. ಹಾಗಾಗಿ ದಾಖಲೆಗಳು ಸಾಕಷ್ಟಿವೆ. ಹೊರದೇಶಗಳ ದಾಖಲೆ ಒಟ್ಟು ಹಾಕಿ 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದಲ್ಲಿ 100ಕ್ಕೆ ಸುಮಾರು 58 ಕೀಲುಗಳು 25 ವರ್ಷ ಬಾಳಿವೆ. ಅವು ಹಳೇ ಕಾಲದ ಕೀಲುಗಳು ಅನ್ನೋದೂ ನಿಜ. 46ಕ್ಕೆ ಹಾಕಿಸಿಕೊಂಡ್ರೆ ಎಪ್ಪತ್ತರ ಹೊತ್ತಿಗೆ ಇನ್ನೊಮ್ಮೆ ಮಾಡಿಸೋದು ಬರಬಹುದು, ಎರಡನೇ ಸಲದ್ದು ಮೊದಲಿನಷ್ಟು ಸಲೀಸಲ್ಲ. ನನಗೆ ಹಾಕಿರೋದು ಸಿಮೆಂಟ್ ಇಲ್ಲದ ಟೈಟಾನಿಯಂ ಕಡ್ಡಿ, ಸೆರಾಮಿಕ್ ಗುಂಡು, ಪ್ಲಾಸ್ಟಿಕ್ ಬಟ್ಟಲು. ಡಿಸ್ಚಾರ್ಜ್ ಹಾಳೆಗೆ ಕೀಲಿನ ಸ್ಟಿಕ್ಕರ್ ಅಂಟಿಸಿಕೊಡ್ತಾರೆ. ಜೆರಾಕ್ಸ್ ಮಾಡಿಸಿ, ಒಂದನ್ನ ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಳ್ಳಿ. ಇಪ್ಪತ್ತು ವರ್ಷದ ಮೇಲೆ ಇನ್ಯಾರೋ ಡಾಕ್ಟರಿಗೆ ಅದೇ ಬೇಕಾಗೋದು.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ರೆ ರೆಫರಲ್ ಪತ್ರ ಕೊಡ್ತಾರೆ. ನಾನು ಇಲ್ಲಿನ ಸಿ.ಜಿ. ಆಸ್ಪತ್ರೆಗೆ ಹೋದೆ, ನಿಮಗೆ ದುರ್ಗದ ಜಿಲ್ಲಾಸ್ಪತ್ರೆ. "ಮಂಡಿ ಕೀಲಿಗೆ ಸರ್ಕಾರ ಬೆಲೆ ಕಟ್ಟಿದೆಯಲ್ಲ" ಅಂತ ಯಾರಾದ್ರೂ ಅಂದ್ರೆ, 2017ರ ಆ ಆದೇಶ ಮಂಡಿಗೆ ಮಾತ್ರ, ಹಿಪ್ಪಿಗಲ್ಲ. ಯಾವ ಕೀಲು, ಪ್ಯಾಕೇಜಿನಲ್ಲಿ ಅದು ಸೇರಿದೆಯಾ ಅಂತ ಅಡ್ಮಿಟ್ ಆಗೋ ಮುಂಚೆ ಬಾಯಿ ಬಿಟ್ಟು ಕೇಳಿ.

ಆಮೇಲೆ ಹಲ್ಲು! ನನ್ನ ಡೇಟ್ ಫಿಕ್ಸ್ ಆಗಿ, ಬ್ಯಾಗ್ ತುಂಬಿಸಿಕೊಂಡು ಹೋದ್ರೆ, ಒಂದು ದವಡೆ ಹಲ್ಲು ಹುಳುಕಾಗಿ ಕೀವು ಇದೆ ಅಂತ ವಾಪಸ್ ಕಳಿಸಿದ್ರು. ಮೂರು ವಾರ ಮುಂದಕ್ಕೆ ಹೋಯ್ತು. ಬಾಯಲ್ಲಿನ ಸೋಂಕು ರಕ್ತದಲ್ಲಿ ಹರಿದು ಹೊಸ ಕೀಲಿಗೆ ಅಂಟಿಕೊಂಡರೆ ಕೀಲನ್ನೇ ತೆಗೀಬೇಕಾಗುತ್ತಂತೆ. ಹಲ್ಲು, ಮೂತ್ರದ ಉರಿ, ಕಾಲಿನ ಗಾಯ, ಸಕ್ಕರೆ ಎಲ್ಲ ಮೊದಲೇ ನೋಡಿಸಿಕೊಳ್ಳಿ.

ಆಪರೇಷನ್ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ಬೆನ್ನಿಗೆ ಇಂಜೆಕ್ಷನ್, ಸೊಂಟದ ಕೆಳಗೆ ಜೋಮು. ಅರ್ಧ ನಿದ್ದೆಯಲ್ಲಿ ಸುತ್ತಿಗೆ ಸದ್ದು ಕೇಳ್ತಿತ್ತು, ಪಕ್ಕದ ಮನೆಯಲ್ಲಿ ಬಡಗಿ ಬಾಗಿಲು ಕೂರಿಸ್ತಿದ್ದಾನೇನೋ ಅನ್ನೋ ಹಾಗೆ. ಮಾರನೇ ದಿನ ನಿಲ್ಲಿಸಿದ್ರು. ಗಾಯ ನೋಯ್ತಿತ್ತು, ಆದ್ರೆ ಒಳಗಿನ ಆ ಹಳೇ ಕೊರೆತ ಇರಲಿಲ್ಲ. ವಾಕರ್ ಹಿಡಿದುಕೊಂಡು ಅದನ್ನ ಹುಡುಕಿದೆ, ಸಿಗಲಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಕೊಟ್ಟು, ಪಾದ ಮೇಲೆ ಕೆಳಗೆ ಆಡಿಸ್ತಾ ಇರಿ ಅಂತಾರೆ. ಮಾಡಿ. ಮೀನಖಂಡ ಊದಿ ನೋವು ಬಂದ್ರೆ ಆ ದಿನವೇ ತೋರಿಸಿ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು.

ಈಗ ನೆಲ. ಹಿಂಬದಿಯಿಂದ ಕೊಯ್ದು ಮಾಡಿದವರಿಗೆ ಮಂಡಿ ಹಿಪ್ಪಿಗಿಂತ ಮೇಲೆ ಬರಬಾರದು, ಕಾಲ ಮೇಲೆ ಕಾಲು ಹಾಕಬಾರದು, ತಗ್ಗಿನಲ್ಲಿ ಕೂರಬಾರದು. ಗುಂಡು ಜಾರಿ ಆಚೆ ಬರಬಹುದು. ಮುಂಬದಿಯಿಂದ ಮಾಡಿದವರಿಗೆ ಕೆಲವು ಡಾಕ್ಟರು ಸಡಿಲ ಕೊಡ್ತಾರೆ. ನಿಮ್ಮವರು ಯಾವ ಕಡೆಯಿಂದ ಮಾಡ್ತಾರೆ ಕೇಳಿ. ನನಗೆ ಕುಕ್ಕರಗಾಲು, ಚಕ್ಕಳಮಕ್ಕಳ ಎರಡೂ ಜೀವಮಾನಕ್ಕೆ ಬೇಡ ಅಂದ್ರು. ಸರಿ ಅಂದೆ. ಸರಿ ಅನ್ನುವಾಗ ಈಳಿಗೆಮಣೆ ನೆನಪಾಗಿರಲಿಲ್ಲ. ನೆಲದ ಮೇಲೆ ಬಟ್ಟೆ ಹರವಿ ಕಟಿಂಗ್ ಮಾಡ್ತಿದ್ದೆ, ಅದೂ ನೆನಪಾಗಿರಲಿಲ್ಲ. ಎರಡನೇ ತಿಂಗಳು ಬಾಬಿನ್ ಕೈಜಾರಿ ಮಷಿನ್ ಕೆಳಗೆ ಉರುಳಿತು. ಅಭ್ಯಾಸಬಲ, ಬಗ್ಗಿಯೇ ಬಿಟ್ಟೆ. ಅರ್ಧಕ್ಕೆ ಉಸಿರು ಹಿಡಿದು ನಿಂತೆ. ಏನೂ ಆಗಲಿಲ್ಲ, ಆದ್ರೆ ಬೆವರು ಇಳೀತು. ಮಗ ಒಂದು ಕೋಲಿನ ತುದಿಗೆ ಹಳೇ ಸ್ಪೀಕರಿನ ಅಯಸ್ಕಾಂತ ಕಟ್ಟಿಕೊಟ್ಟ. ಸೂಜಿ, ಗುಂಡುಪಿನ್ನು, ಬಾಬಿನ್ನು ಎಲ್ಲ ಅದರಲ್ಲೇ ಎತ್ತೋದು ಈಗ.

ನನಗೆ ಮಂಚ ಬಿಟ್ಟುಕೊಟ್ಟವರು ಅತ್ತೆ. ಅವರ ಮಂಚಕ್ಕೆ ನಾಲ್ಕು ಕಾಲಿಗೂ ಇಟ್ಟಿಗೆ ಇಡಿಸಿ ಎತ್ತರ ಮಾಡಿಸಿ, ತಾವು ಚಾಪೆ ಹಾಸಿಕೊಂಡರು. ಹೋದ ವರ್ಷ ಅವರು ತೀರಿಕೊಂಡರು. ಪಡಸಾಲೆಯಲ್ಲಿ ಮಲಗಿಸಿದ್ರು, ಹೆಂಗಸರೆಲ್ಲ ಸುತ್ತ ನೆಲದ ಮೇಲೆ. ನನಗೆ ಒಂದರ ಮೇಲೊಂದು ಎರಡು ಪ್ಲಾಸ್ಟಿಕ್ ಕುರ್ಚಿ. ಅಷ್ಟು ಎತ್ತರದಲ್ಲಿ ಕೂತು ಅಳೋಕೂ ಬರಲಿಲ್ಲ. ಬಗ್ಗಿ ಅವರ ಪಾದ ಮುಟ್ಟೋಕಾಗಲಿಲ್ಲ. ಯಾರೋ ಹಿಂದಿನಿಂದ "ಹೆಣದ ಮುಂದೆ ಸೊಸೆ ಕುರ್ಚಿ ಹಾಕ್ಕಂಡು ಕುಂತಾಳ ನೋಡು" ಅಂದಿದ್ದು ಕೇಳಿಸಿತು. ಹತ್ತು ನಿಮಿಷ ಆಗಿರಬೇಕು, ಅವರ ವಾರಿಗೆಯ ಇಬ್ಬರು ಅಜ್ಜಿಯರು ಒಬ್ಬರ ಮುಖ ಒಬ್ಬರು ನೋಡಿ, "ನಮಗೂ ಒಂದೊಂದು ಕುರ್ಚಿ ಹಾಕ್ರಪ್ಪ, ಮಂಡಿ ಹಿಡಕಂಡೈತೆ" ಅಂದ್ರು. ಮಧ್ಯಾಹ್ನದ ಹೊತ್ತಿಗೆ ಆರು ಕುರ್ಚಿ ಆಗಿದ್ವು.

ಅತ್ತೆ ಮನೆಯವರಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ಏನೂ ಹೇಳಬೇಡಿ, ನನ್ನ ಲಂಗದ ಕಥೆ ಹೇಳಿ. ಆಪರೇಷನ್ ಆದ ಮೇಲೆ ಹಳೇ ಲಂಗ ಉಟ್ಟರೆ ಬಲಗಡೆ ಅಂಚು ಮೇಲೆ ನಿಲ್ತಿತ್ತು. ಎಲ್ಲ ಲಂಗವೂ ಹಾಗೇ. ಬಿಚ್ಚಿ ನೋಡಿದ್ರೆ, ಗಿಡ್ಡ ಆದ ಕಾಲಿಗೆ ಅಂಚು ನೆಲಕ್ಕೆ ಉಜ್ಜದ ಹಾಗೆ ಬಲಗಡೆ ಮುಕ್ಕಾಲು ಇಂಚು ಜಾಸ್ತಿ ಮಡಿಸಿ ಹೊಲಿದಿದ್ದೀನಿ, ವರ್ಷಗಟ್ಟಲೆ, ನನಗೇ ಗೊತ್ತಿಲ್ಲದೆ. ಈಗ ಎರಡೂ ಕಾಲು ಸಮ. ಚೌಕಿಪೇಟೆಗೆ ನಾನೇ ಹೋಗ್ತೀನಿ, ಸಂಜೆ ಕುಂದುವಾಡ ಕೆರೆ ಏರಿ ಮೇಲೆ ನಡೀತೀನಿ. ಮಾತ್ರೆ ಡಬ್ಬಿಯಲ್ಲಿ ಗುಂಡಿ ತುಂಬಿಟ್ಟಿದ್ದೀನಿ.

ನನಗೆ ಎಕ್ಸ್‌ರೇ ಫೋಟೊ ಕಳಿಸಬೇಡಿ, ಅರ್ಥ ಆಗಲ್ಲ. ಕಳಿಸೋದಾದ್ರೆ ಅಳತೆ ಕಳಿಸಿ. ಕುರ್ಚಿಯಲ್ಲಿ ಕೂತು, ಮಂಡಿಯ ಹಿಂದಿನ ಮಡಿಕೆಯಿಂದ ನೆಲದವರೆಗೆ ಟೇಪ್ ಹಿಡೀರಿ. ನನ್ನದು 16 ಇಂಚು. ಮಂಚ, ಕುರ್ಚಿ, ಕಮೋಡು ಮೂರೂ ಅದಕ್ಕಿಂತ ಎರಡು ಮೂರು ಇಂಚು ಎತ್ತರ ಇರಬೇಕು. ಕಮೋಡಿನ ಕೆಲಸ ಮಾತ್ರ ಆಪರೇಷನ್‌ಗೆ ಒಂದು ತಿಂಗಳು ಮುಂಚೆನೇ ಶುರು ಮಾಡಿಸಿ, ನಮ್ಮ ಗಾರೆ ಮೇಸ್ತ್ರಿ ನಾಲ್ಕು ದಿನ ಅಂದವನು ಹತ್ತೊಂಬತ್ತು ದಿನ ಮಾಡಿದ.