ದಿನಾ ಸೊಪ್ಪು ತಿಂದರೂ ಹಿಮೋಗ್ಲೋಬಿನ್ ಏಕೆ ಏರುತ್ತಿಲ್ಲ?

ಆರು ತಿಂಗಳಿಂದ ಹರಿವೆ ಸೊಪ್ಪು, ರಾಗಿ ಅಂಬಲಿ ಬಿಟ್ಟಿಲ್ಲ, ಆದರೂ ಹಿಮೋಗ್ಲೋಬಿನ್ 9ರಲ್ಲೇ ನಿಂತಿದೆ, ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತಿದೆ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ನನಗೂ ಕಾಡಿತ್ತು. ಎರಡನೇ ಹೆರಿಗೆಯ ನಂತರ ನನ್ನದು 8.6ಕ್ಕೆ ಇಳಿದಿತ್ತು. ತೀರ್ಥಹಳ್ಳಿ ಹತ್ತಿರದ ಹಳ್ಳಿ ನಮ್ಮದು, ಸೊಪ್ಪಿಗೆ ಬರ ಇಲ್ಲ. ಆದರೂ ತೋಟದಿಂದ ಮನೆಗೆ ಏರು ಹತ್ತುವಷ್ಟರಲ್ಲಿ ಎದೆ ಡವಡವ ಅನ್ನುತ್ತಿತ್ತು.

ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣ ಬೇಕು. ತಿಂದಿದ್ದು ಮೈಗೆ ಹತ್ತಲಿಲ್ಲ ಅಂತಾರಲ್ಲ, ಈ ಕಬ್ಬಿಣದ ವಿಷಯದಲ್ಲಿ ಅದು ಅಕ್ಷರಶಃ ನಿಜ. ಹೊಟ್ಟೆಯ ಆಮ್ಲದಲ್ಲಿ ಕರಗಿದ ಕಬ್ಬಿಣ ಸಣ್ಣ ಕರುಳಿಗೆ ಬರುತ್ತದೆ. ಆ ಕರುಳು ಸುಮಾರು 6 ಮೀಟರ್ ಉದ್ದ. ಆದರೆ ಕಬ್ಬಿಣವನ್ನು ಹೆಚ್ಚಾಗಿ ಎಳೆದುಕೊಳ್ಳುವುದು ಅದರ ಶುರುವಿನ ಸ್ವಲ್ಪ ಭಾಗ ಮಾತ್ರ. ಅದನ್ನು ದಾಟಿ ಹೋದದ್ದು ಬಹುಪಾಲು ಮಲದ ಜೊತೆ ಹೊರಗೆ. ಮಾಂಸ, ಮೀನಿನ ಕಬ್ಬಿಣ ಸುಲಭವಾಗಿ ಒಳಗೆ ಹೋಗುತ್ತದೆ. ಸೊಪ್ಪು, ಕಾಳು, ರಾಗಿಯದ್ದು ಹಾಗಲ್ಲ. ಜೊತೆಯಲ್ಲಿ ಏನಿದೆ ಅನ್ನುವುದರ ಮೇಲೆ ಅದರ ಹಣೆಬರಹ ನಿಂತಿದೆ.

ಇದು ನನಗೆ ಅರ್ಥವಾಗಿದ್ದು ಅಡಿಕೆ ಸುಲಿಯುವಾಗ. ಹಸಿ ಅಡಿಕೆ ಸುಲಿದರೆ ಮೆಟ್ಟುಗತ್ತಿ ಕಪ್ಪಾಗುತ್ತದೆ ಅಲ್ವಾ? ಬೆರಳೂ ಕಪ್ಪು, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅಡಿಕೆಯ ಚೊಗರು ಕತ್ತಿಯ ಕಬ್ಬಿಣವನ್ನು ಹಿಡಿದುಕೊಂಡಿದ್ದಕ್ಕೆ ಕತ್ತಿಗೆ ಆ ಬಣ್ಣ. ಚೊಗರಿನಲ್ಲಿರುವುದು ಟ್ಯಾನಿನ್. ಚಹಾದ ಒಗರಿನಲ್ಲೂ ಅದೇ ಜಾತಿಯದ್ದಿದೆ, ಕಾಫಿಯಲ್ಲಿ ಅದರ ನೆಂಟರಿದ್ದಾರೆ. ಊಟ ಮುಗಿದ ಕೂಡಲೇ ಒಂದು ಲೋಟ ಕುಡಿದರೆ ಕತ್ತಿಯ ಮೇಲೆ ಆಗಿದ್ದೇ ಹೊಟ್ಟೆಯೊಳಗೂ ಆಗುತ್ತದೆ. ಸೊಪ್ಪಿನ ಕಬ್ಬಿಣವನ್ನು ಅದು ಹಿಡಿದುಕೊಳ್ಳುತ್ತದೆ, ಕರುಳಿಗೆ ಬಿಟ್ಟುಕೊಡುವುದಿಲ್ಲ. ನಾನು ಮಾಡುತ್ತಿದ್ದಿದ್ದು ಅದೇ. ಕೈ ತೊಳೆದು ಬಂದರೆ ಕಾಫಿ, ಆಮೇಲೆ ಎಲೆ ಅಡಿಕೆಯ ಕವಳ. ಮನೆಗೆ ಬಂದವರಿಗೂ ಹಾಗೇ ಕೊಟ್ಟು ಕಳಿಸುತ್ತೇವೆ.

ಕಾಫಿ ಬಿಡಿ ಅಂತ ನಾನು ಹೇಳುವುದಿಲ್ಲ, ನನ್ನಿಂದಲೂ ಆಗಲಿಲ್ಲ. ಊಟಕ್ಕೂ ಕಾಫಿಗೂ ನಡುವೆ ಒಂದೂವರೆ ಗಂಟೆ ಬಿಡಿ. ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆಹುಳಿ ಹಿಂಡಿ. ಕುದಿಯುವಾಗ ಹಿಂಡಿದರೆ ಸಿ ವಿಟಮಿನ್ ಹಾಳಾಗುತ್ತದೆ. ಊಟದ ಜೊತೆ ಒಂದು ಪೇರಲೆ ಹಣ್ಣೋ ಹಸಿ ನೆಲ್ಲಿಕಾಯಿಯೋ ಆದರೂ ಸರಿ. ಈ ವಿಟಮಿನ್ ಕಬ್ಬಿಣವನ್ನು ಕರುಳು ಎಳೆದುಕೊಳ್ಳುವ ರೂಪಕ್ಕೆ ತರುತ್ತದೆ. ರಾಗಿಯಲ್ಲಿ ಫೈಟೇಟ್ ಅನ್ನುವ ಇನ್ನೊಂದು ಅಡ್ಡಗಾಲು ಇದೆ, ನೆನೆಸಿ ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತದೆ. ಹಾಲು ಮಜ್ಜಿಗೆಯ ಕ್ಯಾಲ್ಸಿಯಂ ಕೂಡ ಸ್ವಲ್ಪ ತಡೆಯುತ್ತದೆ. ಅದಕ್ಕಾಗಿ ತಂಬುಳಿ ಬಿಡಬೇಡಿ. ಕಬ್ಬಿಣದ ಮಾತ್ರೆಯನ್ನು ಮಾತ್ರ ಹಾಲಿನ ಜೊತೆ ನುಂಗಬೇಡಿ. 9 ಇದ್ದರೆ ಬರೀ ಸೊಪ್ಪಿನಿಂದ ಏರುವುದು ಕಷ್ಟ, ಡಾಕ್ಟರನ್ನು ಕೇಳಿ ಮಾತ್ರೆ ತಗೊಳ್ಳಲೇಬೇಕಾಗಬಹುದು. ನಾನೂ ತಗೊಂಡೆ.

ಹದಿನೈದು ದಿನಕ್ಕೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಬೇಜಾರಾಗಬೇಡಿ. ಒಂದು ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದು ಸತ್ತಾಗ ದೇಹ ಅದರ ಕಬ್ಬಿಣವನ್ನು ಬಿಸಾಡುವುದಿಲ್ಲ, ಮೂಳೆಯ ಮಜ್ಜೆಗೆ ಕಳಿಸಿ ಹೊಸ ಕಣಕ್ಕೆ ಬಳಸುತ್ತದೆ. ಹಾಗಾಗಿ ದಿನಕ್ಕೆ ಹೊಸದಾಗಿ ಕರುಳಿನಿಂದ ಒಳಗೆ ಹೋಗುವುದು 1–2 ಮಿಲಿಗ್ರಾಂ ಅಷ್ಟೆ. ಹೆಚ್ಚಾದರೆ ಹೊರಹಾಕಲು ದೇಹಕ್ಕೆ ದಾರಿಯೇ ಇಲ್ಲ, ಅದಕ್ಕೇ ಬಾಗಿಲು ಇಷ್ಟು ಬಿಗಿ. ಆ ಬಾಗಿಲಿನ ಚಿಲಕ ಯಕೃತ್ತಿನ ಕೈಯಲ್ಲಿದೆ. ಹೆಪ್ಸಿಡಿನ್ ಅನ್ನುವ ಹಾರ್ಮೋನು ಅದು. ಜ್ವರ, ಸೋಂಕು ಇದ್ದಾಗಲೂ ಯಕೃತ್ತು ಚಿಲಕ ಹಾಕಿಬಿಡುತ್ತದೆ. ನನ್ನದು 12 ದಾಟಲು ಐದು ತಿಂಗಳು ಬೇಕಾಯಿತು.

ಇಷ್ಟೆಲ್ಲ ಮಾಡಿಯೂ ಏರದಿದ್ದರೆ ರಕ್ತ ಎಲ್ಲೋ ಸೋರುತ್ತಿರಬಹುದು. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ನಾಚಿಕೆ ಪಡದೆ ಡಾಕ್ಟರಿಗೆ ಹೇಳಿ. ಇನ್ನೊಂದು ನಮ್ಮ ಮಲೆನಾಡಿನವರು ಮರೆಯುವ ವಿಷಯ, ಕೊಕ್ಕೆಹುಳು. ಒದ್ದೆ ಮಣ್ಣಿನಲ್ಲಿರುವ ಅದರ ಮರಿ ಅಂಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ಕೊನೆಗೆ ಸಣ್ಣ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ನಾವು ಮಳೆಗಾಲವಿಡೀ ಬರಿಗಾಲಲ್ಲೇ ತೋಟ ಸುತ್ತುವವರು. ನೀವೂ ಹಾಗಿದ್ದರೆ ಮೊದಲು ಮಲ ಪರೀಕ್ಷೆ ಮಾಡಿಸಿ. ಹುಳು ಇದ್ದರೆ ಅದಕ್ಕೆ ಮಾತ್ರೆ ಇದೆ.