ಓದುಗರ ಪ್ರಶ್ನೆ, ತಜ್ಞರ ಉತ್ತರ: ವೇಗವಿದ್ದೂ ತಡವರಿಸುವ ನೆಟ್‌ವರ್ಕ್

ಪ್ರಶ್ನೆ: ನಮ್ಮ ಸಂಘದ ಕಚೇರಿಯಲ್ಲಿ ಡೌನ್‌ಲೋಡ್‌ಗೆ 100, ಅಪ್‌ಲೋಡ್‌ಗೆ 10 ಎಂಬಿಪಿಎಸ್ ವೇಗದ ಇಂಟರ್ನೆಟ್ ಸಂಪರ್ಕವಿದೆ. ಪರೀಕ್ಷಿಸಿ ನೋಡಿದರೆ ಹೇಳಿದಷ್ಟೇ ವೇಗ ಬರುತ್ತದೆ. ಆದರೆ ಸಂಜೆ ಸ್ಕ್ಯಾನ್ ಮಾಡಿದ ದಾಖಲೆಗಳನ್ನು ಮುಖ್ಯ ಕಚೇರಿಗೆ ಕಳುಹಿಸುವ ಹೊತ್ತಿಗೆ ಉಳಿದ ಕಂಪ್ಯೂಟರ್‌ಗಳಲ್ಲಿ ಖಾತೆಯ ಪುಟವೇ ತೆರೆಯುವುದಿಲ್ಲ. ವಿಡಿಯೊ ಸಭೆಯಲ್ಲಿ ಮಾತು ತುಂಡುತುಂಡಾಗುತ್ತದೆ. ಇನ್ನೂ ದೊಡ್ಡ ಪ್ಲ್ಯಾನ್ ಪಡೆಯಿರಿ ಎಂದು ಸಂಪರ್ಕ ಕೊಟ್ಟವರು ಹೇಳುತ್ತಿದ್ದಾರೆ. ಪಡೆಯಬೇಕೇ?
— ಸಹಕಾರ ಸಂಘವೊಂದರ ಕಾರ್ಯದರ್ಶಿ, ಶಿರಸಿ ತಾಲ್ಲೂಕು

ಉತ್ತರ: ಹಣ ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಕಚೇರಿಯಲ್ಲಿ ಯಾರೂ ಏನನ್ನೂ ಕಳುಹಿಸದಿರುವಾಗ ಒಂದು ಕಂಪ್ಯೂಟರ್‌ನ ಕಮಾಂಡ್ ಪರದೆಯಲ್ಲಿ 8.8.8.8 ವಿಳಾಸಕ್ಕೆ (ಇದು ಗೂಗಲ್‌ನ ಸರ್ವರ್) ಪಿಂಗ್ ಹಾಕಿ, ಅಂದರೆ ಪುಟ್ಟ ಸಂದೇಶ ಕಳುಹಿಸಿ ಉತ್ತರ ಪಡೆಯುವ ಆಜ್ಞೆ ಕೊಡಿ, ಅದು ನಿಲ್ಲದೆ ಓಡುತ್ತಿರಲಿ. ಪ್ರತಿ ಸಾಲಿನಲ್ಲೂ ಉತ್ತರ ಬರಲು ತಗುಲಿದ ಸಮಯ ಮಿಲಿಸೆಕೆಂಡುಗಳಲ್ಲಿ ಕಾಣುತ್ತದೆ. ಅದು ಇಪ್ಪತ್ತು–ಮೂವತ್ತರ ಆಸುಪಾಸಿನಲ್ಲಿದ್ದರೆ ಸಂಪರ್ಕ ಸರಿಯಾಗಿದೆ ಎಂದೇ ಅರ್ಥ. ಈಗ ಇನ್ನೊಂದು ಕಂಪ್ಯೂಟರ್‌ನಿಂದ ದೊಡ್ಡದೊಂದು ಫೈಲ್ ಅಪ್‌ಲೋಡ್ ಮಾಡಲು ಆರಂಭಿಸಿ, ಮೊದಲಿನ ಪರದೆಯನ್ನೇ ಗಮನಿಸುತ್ತಿರಿ. ಅಂಕಿ ನೂರು, ಮುನ್ನೂರು, ಎಂಟುನೂರು ಎಂದು ಏರುತ್ತ ಹೋಗಿ, ಅಪ್‌ಲೋಡ್ ನಿಲ್ಲಿಸಿದ ಕೂಡಲೇ ಮತ್ತೆ ಇಳಿದರೆ, ನಿಮ್ಮ ತೊಂದರೆಗೆ ಕಾರಣ ವೇಗದ ಕೊರತೆಯಲ್ಲ, ಸರತಿ ಸಾಲು.

ನೀವು ಕಳುಹಿಸುವ ದತ್ತಾಂಶವು ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹೊರಡುತ್ತದೆ. ಲೈನಿನ ಶಕ್ತಿಗಿಂತ ಹೆಚ್ಚು ಪ್ಯಾಕೆಟ್‌ಗಳು ಒಟ್ಟಿಗೆ ಬಂದಾಗ ಅವನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳಲು ಮೋಡೆಮ್ ಮತ್ತು ರೌಟರ್‌ಗಳಲ್ಲಿ ಬಫರ್ ಎಂಬ ಸ್ಮೃತಿಕೋಶವಿರುತ್ತದೆ. ಮೆಮೊರಿ ಅಗ್ಗವಾದಂತೆ, ಒಂದು ಪ್ಯಾಕೆಟ್ ಕೂಡ ನಷ್ಟವಾಗಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ತಯಾರಕರು ಈ ಬಫರನ್ನು ಹಿಗ್ಗಿಸುತ್ತ ಹೋದರು. ನಿಮ್ಮ ಮೋಡೆಮ್‌ನಲ್ಲಿ ಒಂದು ಮೆಗಾಬೈಟ್‌ನಷ್ಟು ಬಫರ್ ಇದೆ ಎಂದುಕೊಳ್ಳಿ. ಅದು ಸುಮಾರು 80 ಲಕ್ಷ ಬಿಟ್. ಸೆಕೆಂಡಿಗೆ ಒಂದು ಕೋಟಿ ಬಿಟ್ (10 ಎಂಬಿಪಿಎಸ್) ಸಾಗಿಸುವ ನಿಮ್ಮ ಅಪ್‌ಲೋಡ್ ಲೈನಿನಲ್ಲಿ ಅಷ್ಟು ಖಾಲಿಯಾಗಲು 800 ಮಿಲಿಸೆಕೆಂಡ್ ಬೇಕು. ಸ್ಕ್ಯಾನ್ ಮಾಡಿದ ದಾಖಲೆಗಳು ಈ ಬಫರನ್ನು ತುಂಬಿ ಕುಳಿತಿರುವಾಗ, ಖಾತೆಯ ಪುಟವನ್ನು ಕೋರುವ ಪುಟ್ಟ ಪ್ಯಾಕೆಟ್ಟೂ ಸಭೆಯಲ್ಲಿ ನೀವಾಡಿದ ಮಾತಿನ ಪ್ಯಾಕೆಟ್ಟೂ ಅವುಗಳ ಹಿಂದೆಯೇ ನಿಲ್ಲಬೇಕು. ಮಾತುಕತೆ ಸಹಜವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಮೀರದಿರುವುದು ಒಳ್ಳೆಯದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಹಳೆಯ ಶಿಫಾರಸು. ನೀವು ಅದರ ಐದು ಪಟ್ಟು ದಾಟಿರುತ್ತೀರಿ.

ಪ್ಯಾಕೆಟ್ ನಷ್ಟವನ್ನು ಸಂಪೂರ್ಣವಾಗಿ ತಪ್ಪಿಸಹೊರಟದ್ದೇ ಕೆಡುಕಿಗೆ ಕಾರಣವಾಯಿತು ಎಂಬುದು ವಿಚಿತ್ರವಾಗಿ ತೋರಬಹುದು. ಇಂಟರ್ನೆಟ್ಟಿನ ಸಾಗಣೆ ನಿಯಮವಾದ ಟಿಸಿಪಿಗೆ ರಸ್ತೆಯಲ್ಲಿ ದಟ್ಟಣೆಯಿದೆ ಎಂಬುದು ತಿಳಿಯುವುದು ಹೆಚ್ಚಾಗಿ ಯಾವುದಾದರೂ ಪ್ಯಾಕೆಟ್ ಕಳೆದುಹೋದಾಗಲೇ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ನಡುವೆ, ಅಂದರೆ ನಾನೂರು ಗಜ ಅಂತರದಲ್ಲಿ, ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದ ಸಂಪರ್ಕ 40 ಬಿಟ್‌ಗೆ ಕುಸಿಯಿತು. ಎಲ್ಲ ಕಂಪ್ಯೂಟರ್‌ಗಳೂ ಕಳೆದುಹೋದದ್ದನ್ನು ಮತ್ತೆ ಮತ್ತೆ ಕಳುಹಿಸುತ್ತ ದಟ್ಟಣೆಯನ್ನು ತಾವೇ ಹೆಚ್ಚಿಸುತ್ತಿದ್ದವು. ಅದನ್ನು ಕಂಡ, ಅದೇ ಪ್ರಯೋಗಾಲಯದ ಸಂಶೋಧಕ ವ್ಯಾನ್ ಜೇಕಬ್‌ಸನ್, ನಷ್ಟ ಕಂಡೊಡನೆ ಕಳುಹಿಸುವವನು ತಗ್ಗಬೇಕು, ಆಮೇಲೆ ಮೆಲ್ಲನೆ ಏರಬೇಕು ಎಂಬ ವಿಧಾನವನ್ನು 1988ರಲ್ಲಿ ವಿವರಿಸಿದರು. ಬಫರ್ ತೀರ ದೊಡ್ಡದಾದರೆ ನಷ್ಟದ ಸೂಚನೆ ಬಹಳ ತಡವಾಗಿ ಬರುತ್ತದೆ. ಅಷ್ಟರಲ್ಲಿ ಸಾಲು ಬೆಳೆದಿರುತ್ತದೆ. ಇದಕ್ಕೆ ಪರಿಹಾರವಾಗಿ ಅದೇ ಜೇಕಬ್‌ಸನ್ ಮತ್ತು ಕ್ಯಾಥ್ಲೀನ್ ನಿಕೋಲ್ಸ್ 2012ರಲ್ಲಿ ಕೋಡೆಲ್ ಎಂಬ ಕ್ರಮವನ್ನು ಪ್ರಕಟಿಸಿದರು. ಅದು ಸಾಲು ಎಷ್ಟು ಉದ್ದವಿದೆ ಎಂಬುದನ್ನು ನೋಡದೆ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂಬುದನ್ನು ನೋಡುತ್ತದೆ. ಕಾಯುವಿಕೆ ಸುಮಾರು 100 ಮಿಲಿಸೆಕೆಂಡ್‌ಗಳುದ್ದಕ್ಕೂ 5 ಮಿಲಿಸೆಕೆಂಡ್‌ಗಿಂತ ಕೆಳಗಿಳಿಯದಿದ್ದರೆ ಪ್ಯಾಕೆಟ್‌ಗಳನ್ನು ಬೇಕೆಂದೇ ಬಿಟ್ಟು, ಕಳುಹಿಸುವವನಿಗೆ ಎಚ್ಚರಿಕೆ ಮುಟ್ಟಿಸುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ (ಇವು ಕೋಡೆಲ್‌ನಿಂದ ಬೆಳೆದ ಸರತಿ ನಿರ್ವಹಣೆಯ ಕ್ರಮಗಳು) ಸೌಲಭ್ಯವಿರುವ ರೌಟರ್ ಹಾಕಿಸಿ, ಅದರಲ್ಲಿ ಅಪ್‌ಲೋಡ್ ಮಿತಿಯನ್ನು 10ರ ಬದಲು 9 ಎಂಬಿಪಿಎಸ್‌ಗೆ ನಿಗದಿಪಡಿಸಿ. ಕೊಟ್ಟ ವೇಗವನ್ನೇ ಏಕೆ ಕಡಿತಗೊಳಿಸಬೇಕು ಎಂದು ಆಡಳಿತ ಮಂಡಳಿಯಲ್ಲಿ ಯಾರಾದರೂ ಖಂಡಿತ ಕೇಳುತ್ತಾರೆ. ಸಾಲು ಕಂಪನಿಯವರ ಪೆಟ್ಟಿಗೆಯಲ್ಲಿ ಕಟ್ಟಿದರೆ ಅದು ನಿಮ್ಮ ಹಿಡಿತದಲ್ಲಿ ಇರುವುದಿಲ್ಲ. ನಿಮ್ಮ ರೌಟರ್‌ನಲ್ಲೇ ಕಟ್ಟಿದರೆ ಯಾವ ಪ್ಯಾಕೆಟ್ ಮುಂದೆ ಹೋಗಬೇಕೆಂದು ನೀವು ನಿರ್ಧರಿಸಬಹುದು. ಹೊಸ ರೌಟರ್ ಸದ್ಯಕ್ಕೆ ಆಗದಿದ್ದರೆ, ದಾಖಲೆ ಕಳುಹಿಸುವ ತಂತ್ರಾಂಶದಲ್ಲಿಯೇ ವೇಗಮಿತಿ ಹಾಕಿ, ಇಲ್ಲವೇ ಕಚೇರಿ ಮುಚ್ಚಿದ ಮೇಲೆ ಕಳುಹಿಸುವಂತೆ ಸಮಯ ನಿಗದಿಪಡಿಸಿ. ದೊಡ್ಡ ಪ್ಲ್ಯಾನಿನ ಮಾತು ಆಮೇಲೆ.

ಪ್ರಶ್ನೆ: ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ನಮ್ಮ ಕಾಲೇಜಿಗೆ ಎರಡು ಕಂಪನಿಗಳಿಂದ ಫೈಬರ್ ಸಂಪರ್ಕ ಪಡೆದಿದ್ದೇವೆ. ಕಳೆದ ಮಳೆಗಾಲದಲ್ಲಿ ಆನ್‌ಲೈನ್ ಪರೀಕ್ಷೆಯ ದಿನವೇ ಎರಡೂ ಒಟ್ಟಿಗೆ ಹೋದವು. ಇದು ಬರೀ ದುರದೃಷ್ಟವೇ?
— ಉಪನ್ಯಾಸಕಿ, ಪುತ್ತೂರು

ಉತ್ತರ: ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಒಂದು ಸಂಪರ್ಕ ವರ್ಷದಲ್ಲಿ ಶೇ 1ರಷ್ಟು ಕಾಲ ಕೆಟ್ಟಿರುತ್ತದೆ ಎಂದಾದರೆ ಅದು ಒಟ್ಟು ಸುಮಾರು 88 ಗಂಟೆ. ಅಂಥ ಎರಡು ಸಂಪರ್ಕಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುವುದಾದರೆ, ಎರಡೂ ಏಕಕಾಲಕ್ಕೆ ಇಲ್ಲದಿರುವ ಅವಧಿ ವರ್ಷಕ್ಕೆ 53 ನಿಮಿಷಕ್ಕೆ ಇಳಿಯುತ್ತದೆ. ಲೆಕ್ಕ ಸರಿಯಾಗಿಯೇ ಇದೆ, ಆದರೆ ‘ಸಂಬಂಧವಿಲ್ಲದೆ’ ಎಂಬ ಷರತ್ತು ನಮ್ಮ ಊರುಗಳಲ್ಲಿ ಈಡೇರುವುದು ಅಪರೂಪ. ಎರಡು ಕಂಪನಿಗಳ ಬಿಲ್ ಬೇರೆ ಬೇರೆ ಬರುತ್ತದೆ, ಕೇಬಲ್ ಮಾತ್ರ ಒಂದೇ ಕಂಬದ ಮೇಲೆ ಬರುತ್ತದೆ. ಮರದ ಕೊಂಬೆಯೊಂದು ಬಿದ್ದರೆ, ರಸ್ತೆ ಅಗಲೀಕರಣದ ಜೆಸಿಬಿ ಒಮ್ಮೆ ಕೈಚಾಚಿದರೆ ಎರಡೂ ತುಂಡಾಗುತ್ತವೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ: 2008ರ ಜನವರಿಯ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಎರಡು ಸಮುದ್ರದಡಿಯ ಕೇಬಲ್‌ಗಳು ಒಟ್ಟಿಗೆ ಹಾನಿಗೊಂಡು, ಭಾರತದಿಂದ ಪಶ್ಚಿಮಕ್ಕೆ ಹೋಗುವ ಇಂಟರ್ನೆಟ್ ಸಂಚಾರ ತತ್ತರಿಸಿತ್ತು.

ಆದ್ದರಿಂದ ಕಾಲೇಜಿನ ಗೋಡೆಯಿಂದ ಹೊರಟು ಎರಡೂ ಕೇಬಲ್‌ಗಳ ಜಾಡನ್ನು, ಅವು ಬೇರೆಯಾಗುವ ಜಾಗದವರೆಗೆ, ಯಾರಾದರೂ ಒಮ್ಮೆ ನಡೆದು ನೋಡಬೇಕು. ಬೇರೆಯಾಗುವುದೇ ಇಲ್ಲವೆಂದಾದರೆ ಎರಡನೆಯ ಫೈಬರ್ ಬಿಟ್ಟು, ಅದರ ಬದಲು ಮೊಬೈಲ್ ಟವರ್ ಮೂಲಕ ಬರುವ ಸಂಪರ್ಕವನ್ನು ಮೀಸಲಿಡುವುದು ಮೇಲು. ಅದರ ವೇಗ ಕಡಿಮೆ ಇದ್ದರೂ ಪರೀಕ್ಷೆಗೆ ಸಾಕು. ದೀರ್ಘ ಕಾಲ ಕರೆಂಟ್ ಹೋದಾಗ ಆ ಟವರ್ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೂ ವಿಚಾರಿಸಿಕೊಳ್ಳಿ, ಮಳೆಗಾಲದಲ್ಲಿ ಅದೂ ಮುಖ್ಯ.

ಇನ್ನೊಂದು ಅಂಶ. ಒಂದು ಸಂಪರ್ಕದಿಂದ ಇನ್ನೊಂದಕ್ಕೆ ತಾನಾಗಿ ಬದಲಾಗುವ ರೌಟರ್‌ಗಳಲ್ಲಿ ಕೆಲವು, ಕೇಬಲ್ ತಮಗೆ ತಗುಲಿಕೊಂಡಿದೆಯೇ ಎಂಬುದನ್ನು ಮಾತ್ರ ನೋಡುತ್ತವೆ. ಫೈಬರ್ ಐದು ಕಿಲೋಮೀಟರ್ ಆಚೆ ತುಂಡಾಗಿದ್ದರೂ ಗೋಡೆಯ ಮೇಲಿನ ಪೆಟ್ಟಿಗೆಗೂ ರೌಟರ್‌ಗೂ ನಡುವಿನ ತಂತಿ ಚೆನ್ನಾಗಿಯೇ ಇರುವುದರಿಂದ ರೌಟರ್ ಬದಲಾಗುವುದಿಲ್ಲ. ಹೊರಗಿನ ವಿಳಾಸವೊಂದನ್ನು ಆಗಾಗ ಮುಟ್ಟಿ ನೋಡುವಂತೆ ಅದನ್ನು ಹೊಂದಿಸಬೇಕು. ಹೊಂದಿಸಿದ ಮೇಲೆ, ಪೆಟ್ಟಿಗೆಗೆ ಬರುವ ಫೈಬರನ್ನೇ ಒಮ್ಮೆ ಕಳಚಿ, ಕೆಂಪು ದೀಪ ಹತ್ತಿದ ಮೇಲೆ ಎಷ್ಟು ಸೆಕೆಂಡಿನಲ್ಲಿ ಇನ್ನೊಂದು ಸಂಪರ್ಕಕ್ಕೆ ಹೊರಳುತ್ತದೆಂದು ನೋಡಿ. ಕಳಚಿದ ಫೈಬರ್ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಕಣ್ಣಿಗೆ ಹಿಡಿದು ನೋಡಲಂತೂ ಬೇಡಿ.

ಪ್ರಶ್ನೆ: ದತ್ತಾಂಶದ ಬಿಟ್‌ಗಳು (0 ಅಥವಾ 1) ದಾರಿಯಲ್ಲಿ ಕೆಡುತ್ತವೆ ಎನ್ನುತ್ತಾರೆ. ಹಾಗಿದ್ದರೆ ನಾನು ಕಳುಹಿಸಿದ ನೂರು ರೂಪಾಯಿ ಸಾವಿರವಾಗದಿರುವುದು ಹೇಗೆ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಹಲವು ಪದರಗಳಲ್ಲಿ ಕಾವಲಿದೆ. ಕಂಪ್ಯೂಟರ್‌ಗಳನ್ನು ತಂತಿಯಲ್ಲಿ ಜೋಡಿಸುವ ಈಥರ್‌ನೆಟ್, ತಾನು ಸಾಗಿಸುವ ದತ್ತಾಂಶದ ಪ್ರತಿ ಚೌಕಟ್ಟಿನ (ಫ್ರೇಮ್) ಕೊನೆಗೆ 32 ಬಿಟ್‌ಗಳ ಪರಿಶೀಲನಾ ಸಂಖ್ಯೆಯನ್ನು ಸೇರಿಸುತ್ತದೆ. ತಾಳೆಯಾಗದ ಚೌಕಟ್ಟನ್ನು ಪಡೆದವನು ಎಸೆಯುತ್ತಾನೆ, ಟಿಸಿಪಿ ಮತ್ತೆ ಕಳುಹಿಸುತ್ತದೆ. ಅದರ ಮೇಲಿರುವ ಗೂಢಲಿಪೀಕರಣ ಒಂದೇ ಒಂದು ಬಿಟ್ ಬದಲಾದರೂ ಸಂದೇಶವನ್ನು ತಿರಸ್ಕರಿಸುತ್ತದೆ. ಕೆಟ್ಟದ್ದನ್ನು ಕಂಡುಹಿಡಿಯುವುದಷ್ಟೇ ಅಲ್ಲ, ಅಲ್ಲೇ ತಿದ್ದಿಕೊಳ್ಳುವ ಸಂಕೇತಗಳೂ ಇವೆ. ಅಮೆರಿಕದ ಬೆಲ್ ಪ್ರಯೋಗಾಲಯದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್, ವಾರಾಂತ್ಯದಲ್ಲಿ ಹಚ್ಚಿಟ್ಟ ಲೆಕ್ಕವನ್ನು ಯಂತ್ರವು ದೋಷ ಕಂಡಾಗಲೆಲ್ಲ ಕೈಬಿಡುತ್ತಿದ್ದುದರಿಂದ ಬೇಸತ್ತು ರೂಪಿಸಿದ ಇಂಥ ಸಂಕೇತ 1950ರಲ್ಲಿ ಪ್ರಕಟವಾಯಿತು. ಇಂದು ಮೊಬೈಲ್ ತರಂಗಗಳಲ್ಲೂ ದೂರದ ಫೈಬರ್‌ಗಳಲ್ಲೂ ಅದರ ವಂಶಜರೇ ದುಡಿಯುತ್ತಿದ್ದಾರೆ.

ನಿಜವಾದ ಅಪಾಯ ಬೇರೆಡೆ ಇದೆ. ಹಣ ಜಮೆಯಾಗಿ, ಆದರೆ ‘ಆಯಿತು’ ಎಂಬ ಉತ್ತರ ನಿಮ್ಮ ಫೋನಿಗೆ ತಲುಪುವ ಮೊದಲೇ ಸಂಪರ್ಕ ಕಡಿದರೆ, ನೀವು ಮತ್ತೊಮ್ಮೆ ಒತ್ತುತ್ತೀರಿ. ಪ್ರತಿ ವ್ಯವಹಾರಕ್ಕೂ ಒಂದು ಪ್ರತ್ಯೇಕ ಸಂಖ್ಯೆ ಇರುವುದು ಈ ಕಾರಣಕ್ಕೇ: ತಂತ್ರಾಂಶವು ಅದೇ ಸಂಖ್ಯೆಯಲ್ಲಿ ಮರುಪ್ರಯತ್ನ ಮಾಡಿದರೆ ಬ್ಯಾಂಕು ಅದನ್ನು ಗುರುತಿಸುತ್ತದೆ, ನೀವೇ ಹೊಸದಾಗಿ ಆರಂಭಿಸಿದರೆ ಅದು ಎರಡನೆಯ ಪಾವತಿಯೇ. ಆದ್ದರಿಂದ ಮೊದಲು ಖಾತೆಯ ವಿವರ ನೋಡಿ, ಆಮೇಲೆ ಒತ್ತಿ.

ಪ್ರಶ್ನೆ: ಬೆಂಗಳೂರಿನ ಮನೆಯಿಂದ ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಸರ್ವರ್‌ನೊಂದಿಗೆ ಕೆಲಸ ಮಾಡುತ್ತೇನೆ. 100ರಿಂದ 300 ಎಂಬಿಪಿಎಸ್‌ಗೆ ಏರಿಸಿದರೂ ಫೈಲ್ ಬರುವ ವೇಗ 2 ಎಂಬಿಪಿಎಸ್ ದಾಟಲಿಲ್ಲ. ಏಕೆ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಫೈಬರ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಕೇಬಲ್‌ಗಳು ನೇರ ದಾರಿಯಲ್ಲಿ ಹೋಗುವುದಿಲ್ಲವಾದ್ದರಿಂದ ಅಷ್ಟು ದೂರ ಹೋಗಿ ಬರಲು 200ಕ್ಕೂ ಹೆಚ್ಚು ಮಿಲಿಸೆಕೆಂಡ್ ಹಿಡಿಯುತ್ತದೆ. ಯಾವ ಪ್ಲ್ಯಾನೂ ಇದನ್ನು ತಗ್ಗಿಸಲಾರದು. ನೀವು ಹೇಳಿದ ಅಂಕಿಯೇ ಕಾರಣವನ್ನು ಸೂಚಿಸುತ್ತಿದೆ: ‘ತಲುಪಿತು’ ಎಂಬ ಉತ್ತರಕ್ಕೆ ಕಾಯದೆ ಕಳುಹಿಸಬಹುದಾದ ದತ್ತಾಂಶಕ್ಕೆ ಹಳೆಯ ಟಿಸಿಪಿಯಲ್ಲಿ 64 ಕಿಲೋಬೈಟ್ ಮಿತಿಯಿತ್ತು, ಮತ್ತು 250 ಮಿಲಿಸೆಕೆಂಡಿಗೊಮ್ಮೆ 64 ಕಿಲೋಬೈಟ್ ಎಂದರೆ ಸೆಕೆಂಡಿಗೆ ಸುಮಾರು 2 ಮೆಗಾಬಿಟ್. ‘ವಿಂಡೋ’ ಅಥವಾ ಕಿಂಡಿ ಎನ್ನುವ ಈ ಮಿತಿಯನ್ನು ಹಿಗ್ಗಿಸುವ ಸೌಲಭ್ಯ (ವಿಂಡೋ ಸ್ಕೇಲಿಂಗ್) 1992ರಿಂದಲೇ ಇದೆ. ನಿಮ್ಮ ಕಂಪನಿಯ ಫೈರ್‌ವಾಲ್ (ನೆಟ್‌ವರ್ಕ್ ಕಾಯುವ ಭದ್ರತಾ ವ್ಯವಸ್ಥೆ) ಅಥವಾ ಹಳೆಯ ಫೈಲ್ ವರ್ಗಾವಣೆ ತಂತ್ರಾಂಶ ಅದನ್ನು ತಡೆದಿರಬಹುದು. ನೆಟ್‌ವರ್ಕ್ ವಿಭಾಗದವರಿಗೆ ‘ವಿಂಡೋ ಸ್ಕೇಲಿಂಗ್ ಪರಿಶೀಲಿಸಿ’ ಎಂದು ಬರೆಯಿರಿ. ಅವರು ಉತ್ತರಿಸುವವರೆಗೆ ಒಂದು ಫೈಲನ್ನು ಹಲವು ಭಾಗಗಳಾಗಿ ಏಕಕಾಲಕ್ಕೆ ತರಿಸುವ ತಂತ್ರಾಂಶ ಬಳಸಿ, ಮತ್ತು 300ರ ಪ್ಲ್ಯಾನನ್ನು ಮುಂದಿನ ತಿಂಗಳಿಂದ ಹಿಂದಕ್ಕೆ ಇಳಿಸಿಕೊಳ್ಳಿ.